ಕೆಂಚಿಯ ಸುಕ್ಕು ಮೊಟ್ಟೆ

ಆ ಮೊಟ್ಟೆ ಮೊದಲ ಸಲ ಸಿಕ್ಕಾಗ ನಾನು ನಕ್ಕಿದ್ದೆ. ಈಗ ನೆನೆದರೆ ಬೇಜಾರಾಗುತ್ತದೆ, ಆದರೆ ನಡೆದದ್ದು ಹಾಗೆಯೇ. ಬೆಳಿಗ್ಗೆ ಗೂಡಿನ ಹುಲ್ಲಿಗೆ ಕೈ ಹಾಕಿದರೆ ಒಂದು ಮೊಟ್ಟೆ ಒರಟೊರಟಾಗಿ ಸಿಕ್ಕಿತು. ತೆಗೆದು ನೋಡಿದೆ, ಮೈತುಂಬ ಸುಕ್ಕು. ತುಂಬಾ ಹೊತ್ತು ಬಟ್ಟೆ ಒಗೆದ ಮೇಲೆ ಬೆರಳ ತುದಿ ಆಗುತ್ತದಲ್ಲ, ಥೇಟ್ ಹಾಗೆ. ಮನೆಯವರಿಗೆಲ್ಲ ತೋರಿಸಿದೆ, ಫೋಟೊ ತೆಗೆದೆ, "ಅಜ್ಜಿ ಮೊಟ್ಟೆ" ಅಂತ ಹೆಸರಿಟ್ಟು ನಾಲ್ಕು ಜನಕ್ಕೆ ಕಳಿಸಿದೆ. ಯಾವ ಕೋಳಿ ಇಟ್ಟದ್ದು ಅಂತ ಯೋಚನೆ ಕೂಡ ಮಾಡಲಿಲ್ಲ.

ಇಟ್ಟದ್ದು ಕೆಂಚಿ. ಮೂರು ವರ್ಷದ ಕೆಂಪು ಕೋಳಿ, ಐದರಲ್ಲಿ ಅತ್ಯಂತ ಜೋರು, ಮೇವಿನ ಬಟ್ಟಲಿಗೆ ಎಲ್ಲರಿಗಿಂತ ಮುಂಚೆ ಬರುವವಳು. ಮುಂದಿನ ವಾರ ಇನ್ನೊಂದು ಮೊಟ್ಟೆ ಬಂತು, ಚಿಪ್ಪು ಎಷ್ಟು ತೆಳು ಅಂದರೆ ಹಿಡಿದ ಕೂಡಲೇ ಹೆಬ್ಬೆರಳು ಒಳಗೆ ಹೋಯಿತು. ಓಹೋ, ಕ್ಯಾಲ್ಸಿಯಮ್ ಕಮ್ಮಿ ಅಂತ ತೀರ್ಮಾನಿಸಿಬಿಟ್ಟೆ. ಕಪ್ಪೆಚಿಪ್ಪಿನ ಪುಡಿ ತಂದು ಸುರಿದೆ. ಆಮೇಲೆ ಹತ್ತು ಹನ್ನೆರಡು ದಿನ ಮೊಟ್ಟೆ ಚೆನ್ನಾಗಿಯೇ ಬಂದವು, ನಾನು ಡಾಕ್ಟರ್ ಆದಷ್ಟು ಹೆಮ್ಮೆಪಟ್ಟೆ. ಬಂದದ್ದು ಉಳಿದ ನಾಲ್ಕು ಕೋಳಿಗಳ ಮೊಟ್ಟೆ ಅಂತ ಆಗ ಹೊಳೆಯಲಿಲ್ಲ. ಒಂದು ಬೆಳಿಗ್ಗೆ ರಾತ್ರಿ ಕೂರುವ ಕೋಲಿನ ಕೆಳಗೆ ಚಿಪ್ಪೇ ಇಲ್ಲದ ಮೊಟ್ಟೆ ಬಿದ್ದಿತ್ತು, ನೀರು ತುಂಬಿದ ಬಲೂನಿನ ಹಾಗೆ. ಆಮೇಲೆ ಕೆಂಚಿ ಮೊಟ್ಟೆ ಇಡುವುದನ್ನೇ ನಿಲ್ಲಿಸಿದಳು. ಪುಕ್ಕ ಉದುರಿಸುವ ಕಾಲ ಹತ್ತಿರ ಬಂದಿತ್ತು, ವಿಶ್ರಾಂತಿ ತಗೊಳ್ತಿದ್ದಾಳೆ ಅಂದುಕೊಂಡೆ.

ಮೂರು ವಾರದ ನಂತರ ಗೂಡಿನಲ್ಲಿ ಸಿಕ್ಕ ವಸ್ತು ಮೊಟ್ಟೆಯೇ ಆಗಿರಲಿಲ್ಲ. ಹೆಬ್ಬೆರಳ ಗಾತ್ರದ ಮಾಸಲು ಹಳದಿ ಗಡ್ಡೆ. ಒತ್ತಿದರೆ ರಬ್ಬರಿನ ಹಾಗೆ. ಕೊಯ್ದು ನೋಡಿದರೆ ಒಳಗೆ ಈರುಳ್ಳಿಯಂತೆ ಪದರ ಪದರ, ಕೆಟ್ಟ ವಾಸನೆ ಬೇರೆ. ಇದನ್ನು ಲ್ಯಾಶ್ ಎಗ್ ಅಂತಾರೆ. ಹೆಸರಿನಲ್ಲಿ ಎಗ್ ಇದ್ದರೂ ಅದು ಮೊಟ್ಟೆಯಲ್ಲ, ಗಟ್ಟಿಯಾದ ಕೀವು. ಕೋಳಿಯ ಕೀವು ನಮ್ಮದರ ಹಾಗೆ ಹರಿಯುವುದಿಲ್ಲ, ಗಿಣ್ಣದ ಹಾಗೆ ಹೆಪ್ಪುಗಟ್ಟುತ್ತದೆ. ಅಂಡನಾಳಕ್ಕೆ ಸೋಂಕು ತಗುಲಿ ಊದಿಕೊಂಡಾಗ ಒಳಗೆ ಇಂಥ ಗಡ್ಡೆ ಕಟ್ಟುತ್ತದೆ, ಕೋಳಿ ಅದನ್ನು ಮೊಟ್ಟೆ ಇಟ್ಟ ಹಾಗೆಯೇ ಹೊರಗೆ ಹಾಕುತ್ತದೆ. ಆವತ್ತು ಕೆಂಚಿಯನ್ನು ಎತ್ತಿಕೊಂಡಾಗ ಹೊಟ್ಟೆ ಗಟ್ಟಿಯಾಗಿ ಊದಿತ್ತು, ಎದೆಮೂಳೆ ಮಾತ್ರ ಚಾಕುವಿನ ಹಾಗೆ ಕೈಗೆ ಚುಚ್ಚಿತು. ಹೊಟ್ಟೆ ಊದಿದ್ದರಿಂದ ಹೊರಗಿನಿಂದ ದಪ್ಪಗೇ ಕಾಣುತ್ತಿದ್ದಳು. ನೆಲಕ್ಕೆ ಬಿಟ್ಟರೆ ಪೆಂಗ್ವಿನ್ ಹಾಗೆ ನೆಟ್ಟಗೆ ನಿಂತಳು.

ಪಶುವೈದ್ಯರ ಹತ್ತಿರ ಓಡಿದೆ. ಅವರು ಮೊದಲು ಕೇಳಿದ್ದು, "ಆ ಮೊಟ್ಟೆಗಳನ್ನ ತಂದಿದ್ದೀರಾ?"

ತಂದಿರಲಿಲ್ಲ. ಎಲ್ಲವನ್ನೂ ಎಸೆದಿದ್ದೆ. ಒಂದು ಫೋಟೊ ಇತ್ತು, ಅದರ ಕೆಳಗೆ ನಗುವ ಚಿತ್ರ ಹಾಕಿದ್ದೆ. ಒಂಬತ್ತು ದಿನಕ್ಕೆ ಕೆಂಚಿ ಹೋದಳು.

ಮುಂಚೆಯೇ ಕರೆದುಕೊಂಡು ಹೋಗಿದ್ದರೆ ಉಳಿಯುತ್ತಿದ್ದಳಾ? ಖಾತ್ರಿಯಾಗಿ ಹೇಳುವ ಹಾಗಿಲ್ಲ. ಈ ಸೋಂಕನ್ನು ಬೇಗ ಹಿಡಿದರೆ ಕೆಲವು ಕೋಳಿಗಳು ಔಷಧಕ್ಕೆ ಚೇತರಿಸಿಕೊಳ್ಳುತ್ತವೆ, ಬಹಳಷ್ಟು ಚೇತರಿಸಿಕೊಳ್ಳುವುದಿಲ್ಲ. ಆದರೆ ಒಂದು ತಿಂಗಳಿಗಿಂತ ಮುಂಚೆಯೇ ಅವಳು ನನ್ನ ಕೈಗೆ ಸುದ್ದಿ ಕೊಟ್ಟಿದ್ದಳು, ನಾನು ಅದನ್ನು ನಾಲ್ಕು ಜನಕ್ಕೆ ಜೋಕ್ ಮಾಡಿ ಕಳಿಸಿದ್ದೆ. ಅದಕ್ಕೇ ಈ ಬರಹ. ಎಲ್ಲ ವಿಚಿತ್ರ ಮೊಟ್ಟೆಗೂ ಹೆದರಬೇಕಾಗಿಲ್ಲ. ಹಾಗೆ ಹೆದರಿದರೆ ಕೋಳಿ ಸಾಕುವುದೇ ಸಾಕಪ್ಪಾ ಅನ್ನಿಸುತ್ತದೆ. ಆದರೆ ಯಾವುದಕ್ಕೆ ನಗಬಹುದು, ಯಾವುದಕ್ಕೆ ಕೋಳಿಯನ್ನು ಎತ್ತಿ ನೋಡಬೇಕು ಅನ್ನುವುದು ಗೊತ್ತಿರಬೇಕು.

ಅದಕ್ಕೆ ಮೊಟ್ಟೆ ಒಳಗೆ ಹೇಗೆ ತಯಾರಾಗುತ್ತದೆ ಅಂತ ಸ್ವಲ್ಪ ತಿಳಿದುಕೊಂಡರೆ ಸಾಕು, ಅರ್ಧ ಗೊಂದಲ ಕಳೆಯುತ್ತದೆ. ಒಂದು ಮೊಟ್ಟೆಗೆ ಸುಮಾರು 25 ಗಂಟೆ ಬೇಕು. ಅಂಡಾಶಯದಿಂದ ಹಳದಿ ಕಳಚಿಕೊಂಡು ನಾಳದ ಬಾಯಿಗೆ ಬೀಳುತ್ತದೆ, ಅಲ್ಲಿ ಕಾಲು ಗಂಟೆ. ಹುಂಜ ಇದ್ದರೆ ಫಲ ಕಟ್ಟುವುದೂ ಅಲ್ಲಿಯೇ. ಮುಂದಿನ ಭಾಗದಲ್ಲಿ 3 ಗಂಟೆ, ಬಿಳಿ ಸುತ್ತಿಕೊಳ್ಳುತ್ತದೆ. ಆಮೇಲೆ ಒಂದು ಗಂಟೆ ಚಿಲ್ಲರೆ, ಚಿಪ್ಪಿನ ಒಳಗಿರುವ ಎರಡು ಪೊರೆಗಳು ಕಟ್ಟುತ್ತವೆ. ಕೊನೆಗೆ ಚಿಪ್ಪು ಗ್ರಂಥಿ. ಅಲ್ಲಿಯೇ ಸುಮಾರು 20 ಗಂಟೆ ಕಳೆಯುತ್ತದೆ. ಮೊದಲು ನೀರು ಒಳಗೆ ಹೋಗಿ ಬಿಳಿ ಉಬ್ಬುತ್ತದೆ, ಪೊರೆ ಬಿಗಿಯಾಗುತ್ತದೆ, ಆ ಬಿಗಿ ಪೊರೆಯ ಮೇಲೆ ಚಿಪ್ಪು ಕಟ್ಟುತ್ತದೆ, ಕಂದು ಮೊಟ್ಟೆಯಾದರೆ ಕೊನೆಯ ಕೆಲವು ಗಂಟೆಗಳಲ್ಲಿ ಬಣ್ಣ ಬಳಿದುಕೊಳ್ಳುತ್ತದೆ.

ಈಗ ಕೆಂಚಿಯ ಸುಕ್ಕಿಗೆ ಬನ್ನಿ. ಬಿಳಿ ನೀರು ನೀರಾಗಿದ್ದರೆ ಅಥವಾ ಗ್ರಂಥಿ ಸರಿಯಾಗಿ ಕೆಲಸ ಮಾಡದಿದ್ದರೆ ಪೊರೆ ಬಿಗಿಯಾಗುವುದೇ ಇಲ್ಲ. ಸಡಿಲ ಪೊರೆಯ ಮಡಿಕೆಗಳ ಮೇಲೆಯೇ ಚಿಪ್ಪು ಕಟ್ಟುತ್ತದೆ, ಗಾಳಿ ಕಮ್ಮಿಯಾದ ಬಲೂನಿಗೆ ಸುಣ್ಣ ಬಳಿದ ಹಾಗೆ. ಅಂದರೆ ಸುಕ್ಕು ಕಾಣುವುದು ಚಿಪ್ಪಿನಲ್ಲಿ, ತಪ್ಪು ಅದಕ್ಕಿಂತ ಮುಂಚೆಯೇ ಆಗಿರುತ್ತದೆ. ಕಪ್ಪೆಚಿಪ್ಪು ಎಷ್ಟು ಸುರಿದರೂ ಅದು ಹೋಗುವುದಿಲ್ಲ. ನಾನು ಸುರಿದದ್ದು ವೇಸ್ಟ್.

ನಗಬಹುದಾದ ಮೊಟ್ಟೆಗಳನ್ನು ಮೊದಲು ಮುಗಿಸಿಬಿಡೋಣ. ಈಗಷ್ಟೇ ಇಡಲು ಶುರು ಮಾಡಿದ ಎಳೆ ಕೋಳಿ ಮೊದಲ ಕೆಲವು ವಾರ ಏನು ಬೇಕಾದರೂ ಇಡಬಹುದು. ಪುಟ್ಟದು, ಉದ್ದದ್ದು, ಚಿಪ್ಪಿಲ್ಲದ್ದು, ಎರಡು ಹಳದಿಯದ್ದು, ಹೊರಗೆ ರಕ್ತದ ಗೆರೆ ಇರುವಂಥದ್ದು. ಮೈ ಇನ್ನೂ ಲಯ ಕಲಿಯುತ್ತಿರುತ್ತದೆ. ಎರಡು ಹಳದಿ ಒಟ್ಟಿಗೆ ಕಳಚಿದರೆ ಜೋಡಿ ಹಳದಿಯ ಮೊಟ್ಟೆ, ಅಷ್ಟೆ. ಹಳದಿಯೇ ಇಲ್ಲದ ಗೋಲಿ ಗಾತ್ರದ ಮೊಟ್ಟೆ ಬರುವುದು ನಾಳದೊಳಗೆ ಅಂಗಾಂಶದ ಚೂರೊಂದು ಬಿದ್ದು, ಅದನ್ನೇ ಹಳದಿ ಅಂದುಕೊಂಡು ಮೈ ಅದಕ್ಕೆ ಬಿಳಿ, ಚಿಪ್ಪು ಎಲ್ಲ ಸುತ್ತಿದಾಗ. ಯುರೋಪಿನಲ್ಲಿ ಹಿಂದೆ ಇಂಥ ಪುಟ್ಟ ಮೊಟ್ಟೆಯನ್ನು ಹುಂಜ ಇಟ್ಟದ್ದು ಅಂತ ನಂಬಿ ಹೆದರುತ್ತಿದ್ದರು. ಸ್ವಿಟ್ಜರ್ಲೆಂಡಿನ ಬಾಸೆಲ್ ಊರಿನಲ್ಲಿ 1474ರಲ್ಲಿ ಮೊಟ್ಟೆ ಇಟ್ಟ ಅಪರಾಧಕ್ಕೆ ಒಂದು ಹುಂಜದ ಮೇಲೆ ವಿಚಾರಣೆ ನಡೆಸಿ ಸುಟ್ಟೇಬಿಟ್ಟರು. ಪಾಪ.

ಮೊಟ್ಟೆ ಒಡೆದಾಗ ಹಳದಿಯ ಮೇಲೆ ಕಾಣುವ ರಕ್ತದ ಚುಕ್ಕೆಗೂ ಹೆದರಬೇಡಿ. ಹಳದಿ ಕಳಚಿಕೊಳ್ಳುವಾಗ ಸಣ್ಣ ರಕ್ತನಾಳ ಒಡೆದಿರುತ್ತದೆ. ಮರಿ ಆಗುತ್ತಿತ್ತು ಅಂತ ತುಂಬಾ ಜನ ಹೇಳ್ತಾರೆ, ಅದಕ್ಕೂ ಇದಕ್ಕೂ ಸಂಬಂಧವಿಲ್ಲ, ಹುಂಜ ಇಲ್ಲದ ಮನೆಯಲ್ಲೂ ಬರುತ್ತದೆ. ಬಿಳಿ ಮಬ್ಬು ಮಬ್ಬಾಗಿದ್ದರೆ ಮೊಟ್ಟೆ ತೀರಾ ತಾಜಾ ಅಂತ ಅರ್ಥ, ಒಳಗಿನ ಇಂಗಾಲದ ಡೈಆಕ್ಸೈಡ್ ಇನ್ನೂ ಹೊರಗೆ ಹೋಗಿರುವುದಿಲ್ಲ.

ಗಾಬರಿಯ ಮೊಟ್ಟೆಗಳು ಬೇರೆ ಜಾತಿ. ನಾಯಿ ನುಗ್ಗಿತು, ರಾತ್ರಿ ಸಿಡಿಲು ಬಡಿಯಿತು, ಹೊಸ ಕೋಳಿ ತಂದು ಬಿಟ್ಟಿರಿ, ಜಗಳ ಶುರುವಾಯಿತು ಅಂದುಕೊಳ್ಳಿ. ಹೆದರಿದ ಕೋಳಿ ಮೊಟ್ಟೆಯನ್ನು ಬೇಗ ಹಾಕಿಬಿಡಬಹುದು, ಆಗ ಚಿಪ್ಪು ತೆಳು, ಬಣ್ಣ ಪೇಲವ. ಇಲ್ಲಾ ಹಿಡಿದಿಟ್ಟುಕೊಳ್ಳಬಹುದು, ಆಗ ಕಂದು ಚಿಪ್ಪಿನ ಮೇಲೆ ಬಿಳಿ ಪುಡಿ ಉದುರಿಸಿದ ಹಾಗೆ ಸುಣ್ಣದ ಇನ್ನೊಂದು ಕೋಟಿಂಗ್ ಬರುತ್ತದೆ. ತಡವಾದ ಮೊಟ್ಟೆಗೆ ಮುಂದಿನ ಮೊಟ್ಟೆ ಒಳಗೇ ತಾಗಿ ನಿಂತರೆ ಒಂದರ ಒಂದು ಬದಿ ಚಪ್ಪಟೆಯಾಗಬಹುದು. ಚಿಪ್ಪು ಕಟ್ಟುತ್ತಿರುವಾಗಲೇ ಸೀಳಿದರೆ ಕೋಳಿ ಒಳಗೆಯೇ ತೇಪೆ ಹಾಕುತ್ತದೆ, ಹೊಟ್ಟೆಗೆ ಬೆಲ್ಟ್ ಬಿಗಿದ ಹಾಗೆ ಮಧ್ಯದಲ್ಲಿ ಒಂದು ಉಬ್ಬು ಸುತ್ತು ಉಳಿಯುತ್ತದೆ. ಅಪರೂಪಕ್ಕೆ ನಾಳ ಹಿಂದಕ್ಕೆ ಹಿಂಡಿ, ತಯಾರಾದ ಮೊಟ್ಟೆ ವಾಪಸ್ ಮೇಲಕ್ಕೆ ಹೋಗಿ, ಅದರ ಮೇಲೆ ಇನ್ನೊಂದು ಮೊಟ್ಟೆ ಕಟ್ಟಿಕೊಳ್ಳುತ್ತದೆ. ಮೊಟ್ಟೆಯೊಳಗೆ ಮೊಟ್ಟೆ. ಇವೆಲ್ಲ ಒಂದೆರಡು ದಿನದಲ್ಲಿ ಸರಿಹೋದರೆ ಮರೆತುಬಿಡಿ.

ತೆಳು ಚಿಪ್ಪಿನ ವಿಷಯ ಮಾತ್ರ ಸ್ವಲ್ಪ ನಿಂತು ನೋಡಬೇಕು. ಯಾಕಂದರೆ ಇಲ್ಲಿ ಕಾರಣ ಹತ್ತಾರು, ನಾವು ಹೇಳುವುದು ಮಾತ್ರ ಒಂದೇ, ಕ್ಯಾಲ್ಸಿಯಮ್. ತಪ್ಪೇನಿಲ್ಲ, ಬಹಳ ಸಲ ಅದೇ ಆಗಿರುತ್ತದೆ. ಒಂದು ಚಿಪ್ಪಿಗೆ 2 ಗ್ರಾಂನಷ್ಟು ಕ್ಯಾಲ್ಸಿಯಮ್ ಹೋಗುತ್ತದೆ, ಅದು ಕೋಳಿಯ ಇಡೀ ಮೈಯಲ್ಲಿರುವ ಕ್ಯಾಲ್ಸಿಯಮ್‌ನ ಹತ್ತರಲ್ಲಿ ಒಂದು ಪಾಲು. ವಾರಕ್ಕೆ ಐದಾರು ಸಲ ಇಷ್ಟು ಕೊಡಬೇಕು ಅಂದರೆ ಯೋಚನೆ ಮಾಡಿ. ಮೇವಿನಲ್ಲಿ ಸಿಗದಿದ್ದರೆ ಅದು ತನ್ನ ಮೂಳೆಯಿಂದ ತೆಗೆದು ಮೊಟ್ಟೆಗೆ ಹಾಕುತ್ತದೆ, ಕೊನೆಗೆ ಕಾಲು ಸೋತು ಕೂರುತ್ತದೆ. ಮೊಟ್ಟೆಯ ಕೋಳಿಗಂತಲೇ ಮಾಡಿದ ಮೇವಿನಲ್ಲಿ 3.5ರಿಂದ 4 ಶೇಕಡಾ ಕ್ಯಾಲ್ಸಿಯಮ್ ಇರುತ್ತದೆ. ನಾವು ಪ್ರೀತಿಯಿಂದ ಹಾಕುವ ಕಾಳು, ಅನ್ನ, ಉಳಿದ ತಿಂಡಿ ಜಾಸ್ತಿಯಾದಷ್ಟೂ ಆ ಲೆಕ್ಕ ತೆಳ್ಳಗಾಗುತ್ತದೆ. ಕಪ್ಪೆಚಿಪ್ಪನ್ನು ಬೇರೆ ಬಟ್ಟಲಲ್ಲಿ ಇಡಿ, ಬೇಕಾದ ಕೋಳಿ ಬೇಕಾದಷ್ಟು ತಿನ್ನುತ್ತದೆ. ನುಣ್ಣನೆ ಪುಡಿಗಿಂತ ತರಿ ತರಿಯಾಗಿರುವುದು ಒಳ್ಳೆಯದು. ಸಂಜೆ ತಿಂದದ್ದು ಹೊಟ್ಟೆಯಲ್ಲಿ ನಿಧಾನಕ್ಕೆ ಕರಗುತ್ತಾ, ರಾತ್ರಿಯೆಲ್ಲ ಚಿಪ್ಪು ಕಟ್ಟುವ ಹೊತ್ತಿಗೆ ಸಿಗುತ್ತದೆ. ಮರಿಗಳಿಗೆ ಮಾತ್ರ ಈ ಮೊಟ್ಟೆ ಕೋಳಿಯ ಮೇವು ಹಾಕಬೇಡಿ, ಅಷ್ಟು ಕ್ಯಾಲ್ಸಿಯಮ್ ಅವುಗಳ ಮೂತ್ರಪಿಂಡ ಕೆಡಿಸುತ್ತದೆ.

ಕ್ಯಾಲ್ಸಿಯಮ್ ಇದ್ದರೂ ಡಿ3 ವಿಟಮಿನ್ ಇಲ್ಲದಿದ್ದರೆ ಮೈಗೆ ಹತ್ತುವುದಿಲ್ಲ. ರಂಜಕ ಕಮ್ಮಿಯಾದರೂ ತೊಂದರೆ, ಜಾಸ್ತಿಯಾದರೂ ತೊಂದರೆ. ಇನ್ನು ಬಿಸಿಲು. ಕೋಳಿಗೆ ಬೆವರುವುದಕ್ಕಾಗುವುದಿಲ್ಲ, ಬಾಯಿ ತೆರೆದು ತೇಕುತ್ತದೆ. ತೇಕಿದಷ್ಟೂ ಇಂಗಾಲದ ಡೈಆಕ್ಸೈಡ್ ಹೊರಹೋಗುತ್ತದೆ, ಚಿಪ್ಪಿಗೆ ಬೇಕಾದ ಕಾರ್ಬೊನೇಟ್ ರಕ್ತದಲ್ಲಿ ಕಮ್ಮಿಯಾಗುತ್ತದೆ. ಜೊತೆಗೆ ಸೆಖೆಗೆ ಮೇವೂ ತಿನ್ನುವುದಿಲ್ಲ. ಹಾಗಾಗಿ ಬೇಸಿಗೆಯಲ್ಲಿ ತೆಳು ಮೊಟ್ಟೆ ಬಂದರೆ ಮೊದಲು ನೆರಳು, ತಣ್ಣನೆ ನೀರು ನೋಡಿ. ವಯಸ್ಸಾದ ಕೋಳಿಯ ಮೊಟ್ಟೆ ದೊಡ್ಡದಾಗುತ್ತಾ ಹೋಗುತ್ತದೆ, ಸುಣ್ಣ ಅಷ್ಟೇ ಇರುತ್ತದೆ, ಇದ್ದದ್ದನ್ನೇ ದೊಡ್ಡ ಮೈಗೆ ಹರಡಬೇಕು, ಹಾಗಾಗಿ ಚಿಪ್ಪು ತೆಳು. ಕೆಲವು ಔಷಧಗಳೂ ಹೀಗೆ ಮಾಡುತ್ತವೆ. ಸಲ್ಫಾ ಜಾತಿಯ ಔಷಧಕ್ಕೆ ಚಿಪ್ಪು ತೆಳುವಾಗಬಹುದು. ನಿಕಾರ್ಬಜಿನ್ ಅಂತ ಮಾಂಸದ ಕೋಳಿಗಳ ಮೇವಿಗೆ ಹಾಕುವ ಒಂದು ಔಷಧ ಇದೆ, ಅದಿರುವ ಮೇವನ್ನು ತಪ್ಪಿ ಮೊಟ್ಟೆ ಕೋಳಿಗೆ ಹಾಕಿದರೆ ಕಂದು ಚಿಪ್ಪು ಬೆಳ್ಳಗಾಗುತ್ತದೆ, ಹಳದಿ ಮಚ್ಚೆ ಮಚ್ಚೆಯಾಗುತ್ತದೆ. ಹತ್ತಿಬೀಜದ ಹಿಂಡಿ ತಿಂದ ಕೋಳಿಯ ಮೊಟ್ಟೆಯಲ್ಲಿ ಬಿಳಿ ಗುಲಾಬಿ ಬಣ್ಣಕ್ಕೆ, ಹಳದಿ ಪಾಚಿ ಬಣ್ಣಕ್ಕೆ ತಿರುಗುವುದುಂಟು. ಇವೆಲ್ಲ ರೋಗವಲ್ಲ, ಮೇವಿನ ಚೀಲ ಓದಿದರೆ ಸಿಗುವ ಉತ್ತರಗಳು.

ಒಂದು ಅಂದಾಜು ಇಟ್ಟುಕೊಳ್ಳಿ. ಮೇವು ಅಥವಾ ಬಿಸಿಲು ಕಾರಣವಾದರೆ ಸಾಮಾನ್ಯವಾಗಿ ಒಂದಕ್ಕಿಂತ ಹೆಚ್ಚು ಕೋಳಿಯ ಮೊಟ್ಟೆ ಕೆಡುತ್ತದೆ. ಎಲ್ಲರೂ ತಿನ್ನುವುದು ಒಂದೇ ಬಟ್ಟಲಿನಲ್ಲಿ ತಾನೇ? ನಾಲ್ಕರದ್ದು ಗಟ್ಟಿ, ಒಂದರದ್ದು ಮಾತ್ರ ಪದೇ ಪದೇ ತೆಳು ಅಂದರೆ ಬಟ್ಟಲನ್ನು ಬಿಟ್ಟು ಆ ಕೋಳಿಯನ್ನು ಎತ್ತಿಕೊಳ್ಳಿ. ನಾನು ಮಾಡದೇ ಹೋದದ್ದು ಇದೇ.

ಹಾಗಾದರೆ ಎಲ್ಲರ ಮೊಟ್ಟೆಯೂ ಒಟ್ಟಿಗೆ ಕೆಟ್ಟರೆ, ಮೇವು ಬದಲಾಗಿಲ್ಲ, ಬಿಸಿಲೂ ಇಲ್ಲ ಅಂದರೆ? ಆಗ ಅಂಟುರೋಗದ ಯೋಚನೆ ಬರಬೇಕು. ಮೊಟ್ಟೆ ಕೆಡಿಸುವುದರಲ್ಲಿ ತುಂಬಾ ಹೆಸರುವಾಸಿಯಾದದ್ದು ಇನ್‌ಫೆಕ್ಷಿಯಸ್ ಬ್ರಾಂಕೈಟಿಸ್. ಇದನ್ನು ತರುವುದು ಒಂದು ಕೊರೊನಾ ವೈರಸ್. ನಾವೆಲ್ಲ ಆ ಹೆಸರು ಕೇಳುವುದಕ್ಕೆ ಎಷ್ಟೋ ದಶಕ ಮುಂಚೆ ಕೋಳಿ ವೈದ್ಯರಿಗೆ ಅದು ಗೊತ್ತಿತ್ತು, 1930ರ ದಶಕದಲ್ಲೇ ಅಮೆರಿಕದಲ್ಲಿ ಈ ರೋಗವನ್ನು ಗುರುತಿಸಿದ್ದರು. ನಮಗೆ ಅಂಟುವಂಥದ್ದಲ್ಲ. ಸೀನು, ಗೊರಗೊರ, ಮೂಗಿನಲ್ಲಿ ನೀರು, ಒಂದು ಕೋಳಿಯಿಂದ ಇನ್ನೊಂದಕ್ಕೆ ಒಂದೆರಡು ದಿನದಲ್ಲೇ ಹಬ್ಬುತ್ತದೆ. ಮೊಟ್ಟೆ ಕಮ್ಮಿಯಾಗುತ್ತವೆ, ಬಂದವು ಸುಕ್ಕು, ಸೊಟ್ಟ, ಪೇಲವ. ಒಡೆದು ತಟ್ಟೆಗೆ ಹಾಕಿದರೆ ಬಿಳಿ ನೀರಿನ ಹಾಗೆ ತಟ್ಟೆ ತುಂಬ ಹರಿಯುತ್ತದೆ. ಕೆಮ್ಮು ಹೋದ ಮೇಲೂ ಮೊಟ್ಟೆ ತಿಂಗಳುಗಟ್ಟಲೆ ಸರಿಯಾಗದೇ ಇರಬಹುದು. ಇನ್ನೂ ಬೇಸರದ ವಿಷಯ ಅಂದರೆ, ಹುಟ್ಟಿದ ಮೊದಲ ಎರಡು ವಾರದಲ್ಲಿ ಈ ರೋಗ ಬಂದ ಹೆಣ್ಣು ಮರಿಗೆ ಅಂಡನಾಳ ಶಾಶ್ವತವಾಗಿ ಹಾಳಾಗಬಹುದು. ದೊಡ್ಡದಾದ ಮೇಲೆ ಚೆಂದ ಕಾಣುತ್ತದೆ, ಜುಟ್ಟು ಕೆಂಪಗಿರುತ್ತದೆ, ಗೂಡಿಗೆ ಹೋಗಿ ಕೂರುತ್ತದೆ, ಏಳುತ್ತದೆ, ಮೊಟ್ಟೆ ಮಾತ್ರ ಇರುವುದಿಲ್ಲ. ಹಳದಿ ಹೊಟ್ಟೆಯೊಳಗೇ ಬೀಳುತ್ತಿರುತ್ತದೆ.

ಎಗ್ ಡ್ರಾಪ್ ಸಿಂಡ್ರೋಮ್ ಅನ್ನುವುದು ಇದಕ್ಕಿಂತ ಕಳ್ಳ. 1976ರಲ್ಲಿ ಮೊದಲು ವರದಿಯಾದ್ದರಿಂದ ಹೆಸರಿನ ಜೊತೆ 76 ಅಂತ ಸೇರಿಸುತ್ತಾರೆ. ಬಾತುಕೋಳಿಗಳಲ್ಲಿ ಸುಮ್ನೆ ಇದ್ದ ಒಂದು ವೈರಸ್ ಕೋಳಿಗೆ ಬಂದದ್ದು. ಕೋಳಿ ಆರಾಮಾಗಿರುತ್ತದೆ, ತಿನ್ನುತ್ತದೆ, ಓಡಾಡುತ್ತದೆ. ಕಂದು ಮೊಟ್ಟೆಯ ಬಣ್ಣ ಹೋಗುವುದೇ ಮೊದಲ ಸೂಚನೆ, ಆಮೇಲೆ ತೆಳು ಚಿಪ್ಪು, ಮೆತ್ತನೆ ಚಿಪ್ಪು, ಚಿಪ್ಪೇ ಇಲ್ಲದ್ದು. ಚಿಪ್ಪಿಲ್ಲದ ಮೊಟ್ಟೆಯನ್ನು ಕೋಳಿಗಳೇ ತಿಂದುಬಿಡುತ್ತವೆ, ಹಾಗಾಗಿ ನಮಗೆ ಮೊಟ್ಟೆ ಕಮ್ಮಿಯಾಯಿತು ಅನ್ನುವುದಷ್ಟೇ ಕಾಣುತ್ತದೆ. ಬೆಳಿಗ್ಗೆ ಕೋಲಿನ ಕೆಳಗಿನ ಹಿಕ್ಕೆಯಲ್ಲಿ ಪೊರೆಯ ಚೂರು ಇದೆಯಾ ಅಂತ ನೋಡಿದರೆ ಗುಟ್ಟು ರಟ್ಟಾಗುತ್ತದೆ. ಮೈಕೋಪ್ಲಾಸ್ಮಾ ಸಿನೋವಿಯೇ ಅನ್ನುವ ಬ್ಯಾಕ್ಟೀರಿಯಾದ ಕೆಲವು ತಳಿಗಳ ಗುರುತು ಇನ್ನೂ ವಿಚಿತ್ರ. ಮೊಟ್ಟೆಯ ಚೂಪು ತುದಿ ಮಾತ್ರ ಕೆಡುತ್ತದೆ, ಅಲ್ಲಿ ಚಿಪ್ಪು ಒರಟು, ತೆಳು, ಬೆಳಕಿಗೆ ಹಿಡಿದರೆ ಗಾಜಿನ ಹಾಗೆ, ಅದರ ಅಂಚಿಗೆ ಗೆರೆ ಎಳೆದ ಹಾಗೆ ಸ್ಪಷ್ಟ ಗಡಿ. ಕೊಕ್ಕರೆ ರೋಗ (ರಾಣಿಖೇತ್) ಮತ್ತು ಹಕ್ಕಿ ಜ್ವರದಲ್ಲೂ ಮೊಟ್ಟೆ ಇದ್ದಕ್ಕಿದ್ದಂತೆ ಇಳಿಯುತ್ತದೆ, ಮೆತ್ತನೆ ಮೊಟ್ಟೆ ಬರುತ್ತದೆ. ಅವುಗಳಲ್ಲಿ ಮೊಟ್ಟೆಯ ಜೊತೆಗೆ ಬೇರೆ ಲಕ್ಷಣಗಳೂ ಇರುತ್ತವೆ. ಕತ್ತು ತಿರುಚುವುದು, ಜುಟ್ಟು ನೀಲಿಗಟ್ಟುವುದು, ಮುಖ ಊದುವುದು, ಏನೂ ಸೂಚನೆ ಇಲ್ಲದೆ ಒಂದರ ಹಿಂದೆ ಒಂದು ಸಾಯುವುದು. ಇಂಥದ್ದು ಕಂಡರೆ ಸತ್ತ ಕೋಳಿಯನ್ನು ಬರಿಗೈಯಲ್ಲಿ ಮುಟ್ಟಬೇಡಿ, ಉಳಿದದ್ದನ್ನು ಯಾರಿಗೂ ಕೊಡಬೇಡಿ, ಮಾರಬೇಡಿ. ಪಶುವೈದ್ಯಾಧಿಕಾರಿಗಳಿಗೆ ಕೂಡಲೇ ತಿಳಿಸಿ.

ಕೆಂಚಿಯ ರೋಗಕ್ಕೆ ವಾಪಸ್ ಬರುತ್ತೇನೆ, ಯಾಕಂದರೆ ಹಿತ್ತಲಲ್ಲಿ ನಾಲ್ಕೈದು ಸಾಕುವವರಿಗೆ ಹೆಚ್ಚು ಎದುರಾಗುವುದು ಇದು. ಕಾಡುಕೋಳಿ ವರ್ಷಕ್ಕೆ ಹತ್ತು ಹದಿನೈದು ಮೊಟ್ಟೆ ಇಟ್ಟರೆ ಹೆಚ್ಚು. ನಾವು ತಳಿ ಮಾಡಿ ಮಾಡಿ ಅದೇ ಮೈಯಿಂದ 300 ತೆಗೆಯುತ್ತಿದ್ದೇವೆ. ಅಂಡನಾಳಕ್ಕೆ ಬಿಡುವೇ ಇಲ್ಲ. ಹಿಂಭಾಗದಿಂದ ಇ. ಕೋಲಿಯಂಥ ಬ್ಯಾಕ್ಟೀರಿಯಾ ಮೇಲೇರಿ ಸೋಂಕು ಕಟ್ಟಿಕೊಳ್ಳುತ್ತದೆ, ಇಲ್ಲಾ ಹಳದಿ ದಾರಿ ತಪ್ಪಿ ಹೊಟ್ಟೆಯೊಳಗೆ ಬಿದ್ದು ಅಲ್ಲಿ ಸೋಂಕಾಗುತ್ತದೆ. ವಯಸ್ಸಾದ ಕೋಳಿಗೆ ಅಂಡಾಶಯದ ಕ್ಯಾನ್ಸರ್ ಕೂಡ ಅಪರೂಪವಲ್ಲ. ಮನುಷ್ಯರ ಅಂಡಾಶಯದ ಕ್ಯಾನ್ಸರ್ ಅರ್ಥ ಮಾಡಿಕೊಳ್ಳಲು ವಿಜ್ಞಾನಿಗಳು ಮೊಟ್ಟೆ ಕೋಳಿಗಳನ್ನು ಅಧ್ಯಯನ ಮಾಡುವಷ್ಟು ಸಾಮಾನ್ಯ ಅದು. ಈ ಮೂರರಲ್ಲೂ ಹೊರಗೆ ಕಾಣುವುದು ಹೆಚ್ಚು ಕಡಿಮೆ ಒಂದೇ. ಮೊಟ್ಟೆ ಮೊದಲು ಕೆಡುತ್ತದೆ, ಆಮೇಲೆ ನಿಲ್ಲುತ್ತದೆ, ಆಮೇಲೆ ಹೊಟ್ಟೆ ಊದುತ್ತದೆ. ಕೋಳಿ ಬೇಟೆಗೆ ಸಿಗುವ ಪ್ರಾಣಿ, ನೋವನ್ನು ಮುಚ್ಚಿಡುವುದು ಅದರ ಹುಟ್ಟುಗುಣ. ಮೂಲೆಯಲ್ಲಿ ಗರಿ ಉಬ್ಬಿಸಿ ಕೂತಿದೆ ಅಂದರೆ ಕಾಯಿಲೆ ಶುರುವಾಗಿ ಬಹಳ ದಿನ ಆಗಿರುತ್ತದೆ. ಅದಕ್ಕೇ ಮೊಟ್ಟೆ ಮುಖ್ಯ. ಅದನ್ನು ಮುಚ್ಚಿಡುವುದಕ್ಕೆ ಅದರಿಂದ ಆಗುವುದಿಲ್ಲ.

ಕಾಯುವಂತಿಲ್ಲದ ಒಂದು ಸಂಗತಿ ಇದೆ. ಕೋಳಿ ಗೂಡಿಗೆ ಹೋಗಿ ಬಂದು ಮಾಡುತ್ತಿದೆ, ತಿಣುಕುತ್ತಿದೆ, ಬಾಲ ಇಳಿಬಿಟ್ಟಿದೆ, ಮೊಟ್ಟೆ ಬರುತ್ತಿಲ್ಲ ಅಂದರೆ ಒಳಗೆ ಸಿಕ್ಕಿಕೊಂಡಿದೆ ಅಂತ ಅನುಮಾನಿಸಿ. ಹಿಂದಿನ ದಿನ ಚಿಪ್ಪಿಲ್ಲದ ಮೊಟ್ಟೆ ಇಟ್ಟ ಕೋಳಿಗೆ ಹೀಗಾಗುವ ಸಂಭವ ಜಾಸ್ತಿ, ಮೆತ್ತನೆ ಮೊಟ್ಟೆಯನ್ನು ಹಿಂಡಿ ತಳ್ಳುವುದು ಸ್ನಾಯುಗಳಿಗೆ ಕಷ್ಟ, ಕ್ಯಾಲ್ಸಿಯಮ್ ಕಮ್ಮಿಯಿದ್ದರೆ ಸ್ನಾಯುಗಳಿಗೇ ಶಕ್ತಿ ಇರುವುದಿಲ್ಲ. ಕೋಳಿಯನ್ನು ಉಗುರು ಬೆಚ್ಚಗಿನ ನೀರಿನಲ್ಲಿ ಹೊಟ್ಟೆ ಮುಳುಗುವಷ್ಟು ಹದಿನೈದಿಪ್ಪತ್ತು ನಿಮಿಷ ಕೂರಿಸಿ, ಒರೆಸಿ, ಕತ್ತಲಿರುವ ಬೆಚ್ಚಗಿನ ಜಾಗದಲ್ಲಿ ಬಿಡಬಹುದು. ಅದಕ್ಕೂ ಆಗದಿದ್ದರೆ ಅವತ್ತೇ ವೈದ್ಯರು. ಒಂದೆರಡು ದಿನ ಕಳೆದರೆ ಜೀವಕ್ಕೇ ಅಪಾಯ. ಹೊಟ್ಟೆ ಅದುಮಿ ಮೊಟ್ಟೆ ಹೊರಗೆ ತೆಗೆಯುತ್ತೇನೆ ಅಂತ ಮಾತ್ರ ಹೋಗಬೇಡಿ, ಒಳಗೆ ಒಡೆದರೆ ಚೂಪು ಚಿಪ್ಪು ನಾಳವನ್ನು ಸೀಳುತ್ತದೆ.

ಯಾವ ಮೊಟ್ಟೆ ಯಾರದ್ದು ಅಂತ ತಿಳಿಯುವುದು ಹೇಗೆ ಅಂತ ಕೇಳ್ತೀರಿ. ಪ್ರತಿ ಕೋಳಿಗೂ ಒಂದು ಕೈಬರಹ ಇರುತ್ತದೆ ಕಣ್ರೀ. ಒಂದರದ್ದು ಉದ್ದ, ಒಂದರದ್ದು ದುಂಡು, ಒಂದರದ್ದರ ಮೇಲೆ ಯಾವಾಗಲೂ ಚುಕ್ಕೆ. ಹತ್ತು ದಿನ ಗಮನಿಸಿದರೆ ಗೊತ್ತಾಗುತ್ತದೆ. ಗೊತ್ತಾಗದಿದ್ದರೆ ಅನುಮಾನ ಇರುವ ಕೋಳಿಯ ಹಿಂಭಾಗದ ಬಾಯಿಗೆ ತಿನ್ನುವ ಬಣ್ಣವನ್ನು ಸ್ವಲ್ಪ ಹಚ್ಚಿ, ಮೊಟ್ಟೆಯ ಮೇಲೆ ಗೆರೆ ಬೀಳುತ್ತದೆ. ಮನೆಯವರು ನಕ್ಕರೆ ನಗಲಿ.

ಕೆಂಚಿ ಹೋದ ಮೇಲೆ ಒಂದು ನೋಟ್‌ಬುಕ್ ಇಟ್ಟಿದ್ದೇನೆ. ತಾರೀಕು, ಯಾರು, ಎಷ್ಟು, ಹೇಗಿತ್ತು, ಅಷ್ಟೇ. ಅದೇ ದೋಷ ಅದೇ ಕೋಳಿಯಿಂದ ಮೂರನೇ ಸಲ ಬಂದರೆ ಎತ್ತಿ ನೋಡುತ್ತೇನೆ. ಎದೆಮೂಳೆಯ ಎರಡೂ ಬದಿ ಮಾಂಸ ಇದೆಯಾ, ಹೊಟ್ಟೆ ಮೃದುವಾಗಿದೆಯಾ, ಬೆಳಿಗ್ಗೆ ಮೇವು ಹಾಕುವ ಮುಂಚೆ ಕತ್ತಿನ ಬುಡದ ಚೀಲ ಖಾಲಿಯಾಗಿದೆಯಾ, ಜುಟ್ಟಿನ ಬಣ್ಣ ಹೇಗಿದೆ, ಹಿಂಭಾಗದ ಪುಕ್ಕ ಅಂಟಂಟಾಗಿದೆಯಾ. ಅಡುಗೆಮನೆಯ ತಕ್ಕಡಿಯಲ್ಲಿ ತಿಂಗಳಿಗೊಮ್ಮೆ ತೂಕ. ಗರಿಯ ಕೆಳಗೆ ಕೋಳಿ ಸೊರಗಿದ್ದು ಕಣ್ಣಿಗೆ ಕಾಣುವುದಿಲ್ಲ, ತಕ್ಕಡಿಗೆ ಕಾಣುತ್ತದೆ. ಕೆಟ್ಟ ಮೊಟ್ಟೆಯನ್ನು ಈಗ ಎಸೆಯುವುದಿಲ್ಲ. ಪೆನ್ಸಿಲಿನಲ್ಲಿ ತಾರೀಕು ಬರೆದು ಮುಚ್ಚಳ ಇರುವ ಡಬ್ಬಿಯಲ್ಲಿ ಹಾಕಿ ಫ್ರಿಜ್ಜಿನಲ್ಲಿ ಒಂದು ವಾರ ಇಡುತ್ತೇನೆ. ಡಬ್ಬಿಯ ಮೇಲೆ "ಮುಟ್ಟಬೇಡಿ" ಅಂತ ದೊಡ್ಡದಾಗಿ ಬರೆದಿದ್ದೇನೆ, ಒಂದು ಸಲ ಯಾರೋ ಆಮ್ಲೆಟ್ಟಿಗೆ ತೆಗೆದುಕೊಂಡಿದ್ದರು.

ತಿನ್ನಬಹುದಾ ಅಂತ ಆಗ ಜಗಳವೂ ಆಯಿತು. ಆಕಾರ ಸೊಟ್ಟ, ಮೇಲೆ ಗುಳ್ಳೆ, ಜೋಡಿ ಹಳದಿ, ರಕ್ತದ ಚುಕ್ಕೆ, ಇವನ್ನೆಲ್ಲ ಚೆನ್ನಾಗಿ ಬೇಯಿಸಿ ತಿನ್ನಬಹುದು. ಚಿಪ್ಪಿಲ್ಲದ್ದು, ಬಿರುಕು ಬಿಟ್ಟದ್ದು ಬೇಡ, ಒಳಗೆ ಕ್ರಿಮಿ ಹೋಗುವುದನ್ನು ತಡೆಯುವ ಗೋಡೆಯೇ ಇರುವುದಿಲ್ಲ. ಕಾಯಿಲೆ ಇರುವ ಕೋಳಿಯದ್ದೂ ಬೇಡ, ಔಷಧ ಕೊಟ್ಟಿದ್ದರೆ ವೈದ್ಯರು ಹೇಳಿದಷ್ಟು ದಿನ ಕಳೆಯುವವರೆಗೆ ಅದರ ಯಾವ ಮೊಟ್ಟೆಯೂ ಬೇಡ. ಹಾಗಂತ ಚೆಂದ ಕಂಡ ಮೊಟ್ಟೆಯನ್ನೆಲ್ಲ ನಂಬಬೇಡಿ. ಹೊಟ್ಟೆ ಕೆಡಿಸುವ ಸಾಲ್ಮೊನೆಲ್ಲಾ ಅನ್ನುವ ಬ್ಯಾಕ್ಟೀರಿಯಾದ ಒಂದು ಬಗೆ ಅಂಡಾಶಯದಲ್ಲೇ ಕೂತು, ಚಿಪ್ಪು ಕಟ್ಟುವ ಮುಂಚೆಯೇ ಮೊಟ್ಟೆಯೊಳಗೆ ಸೇರುತ್ತದೆ. ಹೊರಗೆ ಒಂದು ಕಲೆ ಕೂಡ ಇರುವುದಿಲ್ಲ. ಅರೆಬೆಂದ ಹಳದಿ ಇಷ್ಟಪಡುವ ನನಗೆ ಇದನ್ನು ಬರೆಯುವುದಕ್ಕೆ ಸಂಕಟ.

ಮನೆಯಲ್ಲಿ ಉಳಿದ ಆಂಟಿಬಯಾಟಿಕ್ ಇದ್ದರೆ ನೀರಿಗೆ ಹಾಕಿಬಿಡುವ ಅಭ್ಯಾಸ ಕೆಲವರಿಗಿದೆ. ದಯವಿಟ್ಟು ಬೇಡ. ವೈರಸ್ಸಿಗೆ ಅದು ಏನೂ ಮಾಡುವುದಿಲ್ಲ, ಗಡ್ಡೆಗಟ್ಟಿದ ಕೀವಿನೊಳಗೆ ಔಷಧ ಇಳಿಯುವುದೂ ಕಷ್ಟ, ಆಮೇಲೆ ವೈದ್ಯರು ಮಾಡುವ ಪರೀಕ್ಷೆಯ ಫಲಿತಾಂಶವೂ ಕೆಡುತ್ತದೆ. ಕೋಳಿ ಸತ್ತೇಹೋದರೂ ಶವಪರೀಕ್ಷೆ ಮಾಡಿಸಲು ಆಗುತ್ತದಾ ಕೇಳಿ. ಕೆಂಚಿಗೆ ಮಾಡಿಸಿದೆ. ಮನಸ್ಸು ಒಪ್ಪಲಿಲ್ಲ, ಆದರೆ ಅದು ಉಳಿದ ನಾಲ್ಕಕ್ಕೆ ಹರಡುವ ರೋಗವಲ್ಲ ಅಂತ ಖಾತ್ರಿಯಾದದ್ದು ಅದರಿಂದಲೇ.

ಮೊನ್ನೆ ಚುಕ್ಕಿ ಒಂದು ಮೊಟ್ಟೆ ಇಟ್ಟಳು, ಒಂದು ಬದಿ ಚಪ್ಪಟೆ, ಮೇಲೆಲ್ಲ ಬಿಳಿ ಪುಡಿ. ಹಿಂದಿನ ಸಂಜೆ ಪಕ್ಕದ ಮನೆಯ ಬೆಕ್ಕು ಗೋಡೆ ಹತ್ತಿ ಕೂತಿತ್ತು, ಕಾರಣ ಅದೇ ಇರಬೇಕು. ಆದರೂ ಎತ್ತಿ ತೂಗಿದೆ, ಹೊಟ್ಟೆ ಮುಟ್ಟಿ ನೋಡಿದೆ. ತೂಕ ಹೋದ ತಿಂಗಳಷ್ಟೇ ಇದೆ. ಕೈಯಿಂದ ಬಿಡಿಸಿಕೊಂಡು ಬೈಯುತ್ತಾ ಓಡಿದಳು. ನಿನ್ನೆಯ ಮೊಟ್ಟೆ ಸರಿಯಾಗಿತ್ತು. ಇವತ್ತಿನದ್ದು ಇನ್ನೂ ಬಂದಿಲ್ಲ, ಗೂಡಿನಲ್ಲಿ ಕೂತಿದ್ದಾಳೆ.